ಎರಡು ಗಡಿಯಾರ, ಒಂದು ಬೀಗ

ಪಟಪಟ, ಪಟಪಟ, ತಿರುವಿನಲ್ಲಿ ಒಂದು ಕ್ಷಣ ಸುಮ್ಮನಾಗಿ ಮತ್ತೆ ಪಟಪಟ. ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಿಂದ ಕೆಳಗಿನವರೆಗೂ ಹವಾಯಿ ಚಪ್ಪಲಿಯ ಆ ಸದ್ದು. ಹೈದರಾಬಾದಿನ ಮಾದಾಪುರದ ಆ ಬಿಲ್ಡಿಂಗಿಗೆ ಲಿಫ್ಟ್ ಇತ್ತು. ನಮ್ಮ ಮನೆಗೆಲಸದಾಕೆ ಅದಕ್ಕೆ ಕಾಯುತ್ತಿರಲಿಲ್ಲ. ಯಾದಗಿರಿ ಕಡೆಯವಳು; ಗಂಡ ಸೆಂಟ್ರಿಂಗ್ ಕೆಲಸದವನು. ಬೆಳಿಗ್ಗೆ ಆರೂವರೆಗೆ ಶುರು ಮಾಡಿ ನಮ್ಮ ಬಿಲ್ಡಿಂಗಿನಲ್ಲೇ ಮೂರು ಮನೆ ಮುಗಿಸಿ, ಕೊನೆಗೆ ನನ್ನ ಮನೆಗೆ ಬರುತ್ತಿದ್ದಳು. ಪಾಪ, ಮನೆ ಸೇರುವ ಅವಸರ ಅಂದುಕೊಂಡಿದ್ದೆ.

ಇನ್ನೊಂದು ವಿಚಿತ್ರವಿತ್ತು. ಚಹಾ ಕೊಟ್ಟರೆ "ಒಲ್ಲೆ ಅಕ್ಕೋರ" ಅನ್ನುವಳು. ನಾನು ಟೀಚರ್ ಆಗಿದ್ದವಳೆಂದು ಅವರ ಕಡೆಯ ಪದ್ಧತಿಯಂತೆ ಹಾಗೆ ಕರೆಯುತ್ತಿದ್ದಳು. ನೀರು ಕೊಟ್ಟರೂ ಒಲ್ಲೆ. ಏಪ್ರಿಲ್ ತಿಂಗಳಲ್ಲಿ ನೀರು ಒಲ್ಲೆ ಅನ್ನುವ ಬೇರೆ ಯಾರನ್ನೂ ನಾನು ಹೈದರಾಬಾದಿನಲ್ಲಿ ಕಂಡಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನನ್ನ ರಿಪೋರ್ಟ್ ಕಾರ್ಡಿನಲ್ಲಿ 'ಆಸ್ಕ್ಸ್ ಟೂ ಮೆನಿ ಕ್ವೆಶ್ಚನ್ಸ್' ಎಂದು ಬರೆದಿದ್ದರು. ಅಂಥವಳು ಎರಡು ವರ್ಷ ಇದೊಂದನ್ನು ಮಾತ್ರ ಕೇಳದೇ ಇದ್ದೆ. ಒಂದು ದಿನ ಕೇಳಿದೆ.

"ನೀರ ಕುಡದ್ರ ಎಲ್ಲಿ ಹೋಗ್ಲಿ?" ಅಂದಳು, ಒರೆಸುವ ಕೈ ನಿಲ್ಲಿಸದೆ.

ಕೆಳಗಿನ ಪಾರ್ಕಿಂಗ್ ಸೆಲ್ಲಾರಿನಲ್ಲಿ ಕೆಲಸದವರಿಗೆಂದೇ ಕಟ್ಟಿದ ಟಾಯ್ಲೆಟ್ ಇತ್ತು. ಅಸೋಸಿಯೇಶನ್‌ನವರು ಅದರಲ್ಲಿ ಹಳೇ ಪೇಂಟ್ ಡಬ್ಬಿ ತುಂಬಿ ಬೀಗ ಹಾಕಿದ್ದರು. ಎರಡು ಗಂಟೆಯ ಆ ಪಟಪಟ ಯಾತಕ್ಕೆಂದು ಆಗ ತಿಳಿಯಿತು. "ಉರಿ ಅಂದ್ರ ಉರಿ, ಅಕ್ಕೋರ. ಎರಡು ಸಲ ಜ್ವರ ಬಂತು. ನೀರು ಕುಡಿ, ತಡಕೋಬ್ಯಾಡ ಅಂದಾಳ ಡಾಕ್ಟರಮ್ಮ. ಇನ್ನೊಮ್ಮೆ ಬಂದ್ರ ಈ ಬಿಲ್ಡಿಂಗ್ ಕೆಲಸನ ಬಿಡಬೇಕು."

"ನಮ್ಮ ಮನೆಯದು ಇಲ್ಲವೇನು? ಹೋಗು."

"ನಿಮ್ಮನಿಗೆ ನಾ ಬರೋದು ಹನ್ನೆರಡಕ್ಕ. ಅಲ್ಲೀತನಕ? ಮತ್ತ ಇಲ್ಲಿ ಕೆಲಸಕ್ಕ ಬರೋ ಉಳದ ಎಂಟು ಮಂದಿ ಹೆಣ್ಮಕ್ಕಳು?"

ಎರಡು ವರ್ಷದಲ್ಲಿ ಅದೇ ಮೊದಲ ಸಲ ನಾನು 'ಹೋಗು' ಅಂದದ್ದು. ಅದನ್ನು ಅವಳು ಎತ್ತಿ ಆಡಲಿಲ್ಲ. ನನಗೇ ಕೇಳಿಸಿತು.

ಅಸೋಸಿಯೇಶನ್ ಮೀಟಿಂಗಿನಲ್ಲಿ ಏನೇ ಕೇಳುವುದಿದ್ದರೂ ಸ್ಲೈಡ್ ಮಾಡಿ ಹಾಲ್‌ನ ಟಿವಿಯಲ್ಲಿ ತೋರಿಸಬೇಕು, ಹತ್ತೇ ನಿಮಿಷ. ಅದು ಸೆಕ್ರೆಟರಿಯ ರೂಲ್. ಬಾಲಾನಗರದ ಫ್ಯಾಕ್ಟರಿ ಕಾಲನಿಯ ಸ್ಕೂಲಿನಲ್ಲಿ ಜೀವಮಾನವಿಡೀ ಚಾರ್ಟ್ ಮಾಡಿಸಿದವಳು ನಾನು. ಮೂರು ದಿನ ಲ್ಯಾಪ್‌ಟಾಪ್ ಮುಂದೆ ಕೂತು ಹದಿನಾಲ್ಕು ಸ್ಲೈಡ್ ಮಾಡಿದೆ. ಮೊದಲನೆಯದಕ್ಕೆ ಗುಲಾಬಿ ಹೂವಿನ ಬಾರ್ಡರ್, ಒಳಗೆ 'ಎ ಹಂಬಲ್ ಅಪೀಲ್'. ಆಮೇಲೆ ಸ್ಯಾನಿಟೇಶನ್ ಅಂದರೇನು, ಇನ್‌ಫೆಕ್ಷನ್ ಹೇಗೆ ಬರುತ್ತದೆ, ಎಲ್ಲ ಪಾಯಿಂಟ್ ಬೈ ಪಾಯಿಂಟ್. ಅಕ್ಷರಗಳು ಪಕ್ಕದಿಂದ ಹಾರಿ ಬಂದು ಕೂರುತ್ತಿದ್ದವು. ಐ ವಾಸ್ ವೆರಿ ಪ್ರೌಡ್.

ಅವಳಿಗೆ ತೋರಿಸಿದೆ. ಓದಲು ಬರದವಳು, ಮೂರನೆಯದರವರೆಗೆ ನೋಡಿದಳು.

"ಇದನ್ನ ನೋಡೋರು ಯಾರ್ರಿ?"

"ಕಮಿಟಿಯವರು."

"ಹಂಗಾದ್ರ ಕೆಟ್ಟಿತು. ಸೆಕ್ರೆಟರಿ ಸಾಹೇಬ್ರ ಮನ್ಯಾಗ ನಾ ದಿನಾ ನೆಲಾ ಒರಸ್ತೀನಿ. ಕಂಪ್ಯೂಟರ್ ಮುಂದ ಕುಂತು 'ನೆಕ್ಸ್ಟ್ ಸ್ಲೈಡ್ ಪ್ಲೀಸ್, ನೆಕ್ಸ್ಟ್ ಸ್ಲೈಡ್ ಪ್ಲೀಸ್' ಅಂತಿರ್ತಾರ." ಆ ಮೂರು ಇಂಗ್ಲಿಷ್ ಮಾತನ್ನು ಅವರದೇ ಬೇಸರದ ದನಿಯಲ್ಲಿ ಅಂದಳು. ನಾನು ನಕ್ಕುಬಿಟ್ಟೆ. "ಅಕ್ಷರ ಭಾಳ ಆದ್ರ ಮೊಬೈಲ್ ನೋಡ್ತಾರ. ಚಿತ್ರ ಬಂದ್ರ ಮುಂದಕ್ಕ ಬಾಗ್ತಾರ. ನಾ ಕಸಬರಗಿ ಹಿಡಕೊಂಡು ಎಷ್ಟು ನೋಡೀನಿ!"

ನಾನು ಪೆನ್ನು ತೆಗೆದುಕೊಂಡೆ. ಈಗ ಅವಳು ಅಕ್ಕೋರು, ನಾನು ವಿದ್ಯಾರ್ಥಿ.

"ಗಡಿಯಾರ ತೋರಸ್ರಿ. ಅವರೆಲ್ಲಾ ಗಡಿಯಾರದ ಮಂದಿ. ಕ್ಯಾಬ್ ಎರಡು ಮಿನಿಟ್ ತಡಾ ಆದ್ರ ಚೀರ್ತಾರ. ನಾವು ಬರೋ ಟೈಮ್ ಒಂದು, ಹೋಗೋ ಟೈಮ್ ಒಂದು. ನಡುವ ಏನೂ ಬರೀಬ್ಯಾಡ್ರಿ. ಆಮ್ಯಾಲ ಟ್ರೆಜರರ್ ಮೇಡಮ್ಮೋರು. ಅವರಿಗೆ ಮೂಗಿಂದಽ ಚಿಂತಿ, ನಾತ ಬರಬಾರದು. ತೊಳಿಯೋರು ಯಾರು ಅಂತ ಅವರು ಬಾಯಿ ತೆಗಿಯೂದ್ರಾಗ ನಾವು ಒಂಬತ್ತೂ ಮಂದಿ ಬ್ರಷ್ ಹಿಡಕೊಂಡು ನಿಂತ ಫೋಟೋ ಬರಬೇಕು."

"ಆಮೇಲೆ?"

"ಬೀಗ. ಅಷ್ಟಽ."

ನನಗೆ ಕುತೂಹಲ ತಡೆಯಲಿಲ್ಲ. ಇಷ್ಟೆಲ್ಲ ಗೊತ್ತಿರುವವಳಿಗೆ ಇನ್ನೂ ಏನೇನು ಗೊತ್ತಿರಬೇಕು! ಸೆಕ್ರೆಟರಿಯ ಮನಸ್ಸು ಕರಗಿಸುವಂಥದ್ದು ಅವರ ಮನೆಯಲ್ಲಿ ಏನಾದರೂ ಇದೆಯೇ ಎಂದು ಕೆದಕಿದೆ.

"ಐತಿ," ಅಂದಳು. "ಹೇಳಂಗಿಲ್ಲ. ಮನಿ ಒಳಗಿನ ಮಾತು ಟಿವಿಯಾಗ ಯಾಕ ಬೇಕು?"

"ಹಾಗಾದರೆ ನನ್ನ ಬಗ್ಗೆ ಏನು ಗೊತ್ತು?"

"ಶುಗರ್ ಐತಿ ಅಂತ ಎಲ್ಲಾರಿಗೂ ಹೇಳ್ತೀರಿ. ಬೆಲ್ಲದ ಡಬ್ಬಿ ದೇವರ ಫೋಟೋ ಹಿಂದ ಇಟ್ಟೀರಿ." ಬಕೆಟ್ ಎತ್ತಿಕೊಂಡು ಹೊರಟಳು.

ಭಾನುವಾರ ಮೀಟಿಂಗ್. ಅವಳು ಹಾಲ್‌ನಲ್ಲಿ ಕುರ್ಚಿ ಹಾಕಿ, ಟೀ ಕೊಟ್ಟು, ಖಾಲಿ ಟ್ರೇ ಹಿಡಿದು ಬಾಗಿಲ ಬಳಿ ನಿಂತಳು. ನಾನು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದೆ. ನಮ್ಮ ಮನೆಯ ಗೋಡೆ ಗಡಿಯಾರದ ಎರಡು ಫೋಟೋ ಬಂತು: ಒಂದರಲ್ಲಿ ಆರೂವರೆ, ಒಂದರಲ್ಲಿ ಎರಡು. "ಈ ಹೊತ್ತಿನಿಂದ ಈ ಹೊತ್ತಿನವರೆಗೆ ನಮ್ಮ ಮನೆಗಳಲ್ಲಿ ಕೆಲಸ ಮಾಡುವ ಒಂಬತ್ತು ಹೆಂಗಸರಿಗೆ ಟಾಯ್ಲೆಟ್ ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ನಿಲ್ಲಿಸಿದೆ. ಸೆಕ್ರೆಟರಿ ಮುಂದಕ್ಕೆ ಬಾಗಿದರು. ನಿಜವಾಗಲೂ ಬಾಗಿದರು! ಟ್ರೆಜರರ್ ತೆಲುಗಿನಲ್ಲಿ "ಮರಿ ಎವರು ಕಡುಗುತಾರು," ಯಾರು ತೊಳೆಯೋದು, ಎಂದು ಶುರು ಮಾಡುವಷ್ಟರಲ್ಲಿ ನಾನು ಬಟನ್ ಒತ್ತಿದೆ. ಒಂಬತ್ತು ಜನ, ಒಂಬತ್ತು ಬ್ರಷ್. ಮೂರನೆಯದು ಬೀಗ.

"ನೆಕ್ಸ್ಟ್ ಸ್ಲೈಡ್ ಪ್ಲೀಸ್," ಅಂದರು ಸೆಕ್ರೆಟರಿ, ಅಭ್ಯಾಸಬಲದಿಂದ.

"ಇಲ್ಲ ಸರ್. ಕೀ ನಿಮ್ಮ ಹತ್ತಿರ ಇದೆ."

ಯಾರೋ ನಕ್ಕರು. ಸೆಕ್ರೆಟರಿ ನಗಲಿಲ್ಲ. ಎರಡು ಮೂರು ಸಲ ಬೀಗದ ಕಡೆ ನೋಡಿದರು. "ಒನ್ ಮಂತ್ ಟ್ರಯಲ್," ಅಂದರು ಕೊನೆಗೆ. ತಿರುಗಿ ನೋಡಿದರೆ ಬಾಗಿಲ ಬಳಿ ಅವಳಿರಲಿಲ್ಲ. ಹೊರಗೆ ಕಪ್ಪು ತೊಳೆಯುವ ಸದ್ದು ಕೇಳುತ್ತಿತ್ತು.

ಡಬ್ಬಿಗಳು ಹೋದವು, ಬೀಗ ತೆರೆಯಿತು, ಒಂದು ತಿಂಗಳ ಟ್ರಯಲ್ ಮುಗಿದದ್ದನ್ನು ಯಾರೂ ನೆನಪಿಸಲಿಲ್ಲ. ಮುಂದಿನ ಬೇಸಿಗೆಗೆ ಅವಳ ಗಂಡನ ಕೆಲಸ ದೂರದ ಜೀಡಿಮೆಟ್ಲಾ ಕಡೆಗೆ ಹೋಯಿತು; ಅವಳೂ ನಮ್ಮ ಬಿಲ್ಡಿಂಗಿನ ಕೆಲಸ ಬಿಟ್ಟಳು. ಸೆಕ್ರೆಟರಿಯ ಮನೆಯ ಮಾತೇನೆಂದು ಕೊನೆಯ ದಿನವೂ ಕೇಳಿದೆ; ತಲೆಯಾಡಿಸಿ, ನಾನು ಕೊಟ್ಟ ಸೀರೆ ಕಂಕುಳಲ್ಲಿಟ್ಟುಕೊಂಡು ಹೊರಟಳು. ನಾನು ಬಾಲ್ಕನಿಗೆ ಹೋದೆ. ಎರಡು ದಾಟಿತ್ತು. ಮೆಟ್ಟಿಲ ಮೇಲೆ ಪಟಪಟ ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳು ಗೇಟಿನ ಹತ್ತಿರ ಕಾಣಿಸಿಕೊಂಡಳು. ವಾಚ್‌ಮನ್ ಜೊತೆ ಏನೋ ಮಾತಾಡುತ್ತ ನಿಂತಳು, ಚೀಲದಿಂದ ಬಾಟಲಿ ತೆಗೆದಳು, ತಲೆಯೆತ್ತಿ ಅಷ್ಟೂ ನೀರನ್ನು ನಿಧಾನವಾಗಿ ಕುಡಿದಳು.