ಶರಬತ್ತಿನ ರುಚಿ ನೋಡುತ್ತಿದ್ದ ನೆಗೆಣ್ಣಿ

ನೆಗೆಣ್ಣಿ ನಕ್ಕರೆ ಅವಳ ಮುಂದಿನ ಹಲ್ಲುಗಳ ಅಂಚಿನಲ್ಲಿ ಬೆಳಕು ಹಾಯುತ್ತಿತ್ತು. ಗಾಜಿನ ಚೂರಿನಷ್ಟು ತೆಳುವಾಗಿದ್ದವು. ಅದಕ್ಕೇ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ನಾಚಿಕೆ ಎಂದುಕೊಂಡಿದ್ದೆ. ಅವಳು ನಾಚುವ ಪೈಕಿಯೇ ಅಲ್ಲ ಎಂದು ಬೇಗನೆ ತಿಳಿಯಿತು.

ಬಾದಾಮಿಯ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಲಿಂಬಿ ಶರಬತ್ತು ತಯಾರಾಗುತ್ತಿತ್ತು. ಎಪ್ಪತ್ತರ ದಶಕದ ಆ ಬೇಸಿಗೆಗಳಲ್ಲಿ ಸ್ಟೇಷನ್ನಿನಿಂದ ಕುಳಗೇರಿ ಕ್ರಾಸಿನ ತನಕ ಅಂಗಡಿಗಳಲ್ಲಿ ನಮ್ಮದೇ ಬಾಟಲಿ. ಪ್ರತಿ ಜಾಡಿಯ ಹುಳಿಯನ್ನೂ ನೆಗೆಣ್ಣಿಯೇ ಒಪ್ಪಬೇಕು. ಒಂದು ಚಮಚ ಬಾಯಿಗೆ ಹಾಕಿಕೊಂಡು, ಹಲ್ಲಿನ ಸಂದಿಯಲ್ಲೆಲ್ಲ ಆಡಿಸಿ, "ಇನ್ನೊಂಚೂರು ಲಿಂಬಿ" ಎನ್ನುವಳು. "ಇಂಥಾ ನಾಲಗಿ ನಮ್ಮ ಮನ್ಯಾಗ ಯಾರಿಗೂ ಇಲ್ಲ" ಎಂದು ಅತ್ತೆ ಬಂದವರೆದುರು ಹೊಗಳುತ್ತಿದ್ದರು. ಆ ಹೊಗಳಿಕೆಯೇ ಅವಳ ಕಾಲು ಕಟ್ಟಿತು. ಮರೋಳದ ತವರಿಗೆ ಹೋಗುತ್ತೇನೆಂದರೆ, "ನೀ ಹೋದ್ರ ಜಾಡಿ ಯಾರ ನೋಡಬೇಕು?" ಎಂಬ ಒಂದೇ ಮಾತು.

ತಣ್ಣೀರು ಕುಡಿದರೂ ಹಲ್ಲು ಜುಮ್ಮೆನ್ನತೊಡಗಿದಾಗ ಬಾಗಲಕೋಟೆಯ ಹಲ್ಲಿನ ಡಾಕ್ಟರ ಬಳಿಗೆ ನಾನೇ ಅವಳ ಜೊತೆ ಹೋದೆ.

"ನಿಮ್ಮ ಶರಬತ್ತಿನ ಹುಳಿ ಹಲ್ಲಿನ ಸುಣ್ಣಾನ ತಿಂದ ಹಾಕೈತ್ರಿ" ಎಂದರು ಅವರು.

"ಮಜ್ಜಿಗಿನೂ ಹುಳಿನ ಅಲ್ರಿ? ಹುಟ್ಟಿದಾಗಿಂದ ಕುಡದೇನಿ" ಎಂದು ನೆಗೆಣ್ಣಿ ವಾದಕ್ಕೆ ನಿಂತಳು.

"ಮಜ್ಜಿಗ್ಯಾಗ ಕ್ಯಾಲ್ಸಿಯಂ ಮೊದಲ ತುಂಬೈತಿ. ಅದಕ್ಕ ನಿಮ್ಮ ಹಲ್ಲಿಂದು ಬೇಕಾಗೂದಿಲ್ಲ. ಶರಬತ್ತಿನಾಗ ಅದಿಲ್ಲ, ಹಲ್ಲಿಗೇ ಬಾಯಿ ಹಾಕತೈತಿ."

ಹಾಗಾದರೆ ಶರಬತ್ತಿಗೂ ಅದನ್ನೇ ಬೆರೆಸಿದರೆ ಎಂದು ನೆಗೆಣ್ಣಿ ಕೇಳಿದಳು. ಡಾಕ್ಟರು ನಕ್ಕರು, ಆದರೆ ತಪ್ಪೆನ್ನಲಿಲ್ಲ. ಸವೆತ ಕಡಿಮೆಯಾದೀತು, ಪೂರ್ತಿ ನಿಲ್ಲದು, ಸವೆದದ್ದು ತಿರುಗಿ ಬಾರದು ಎಂದರು. ಎಲೆ ಅಡಿಕೆಯ ಸುಣ್ಣ ಮಾತ್ರ ಹಾಕಬೇಡಿ ಎಂದು ಎಚ್ಚರಿಸಿ, ಔಷಧದ ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಪುಡಿಯ ಹೆಸರು ಹೇಳಿದರು. ಬಸ್ಸಿನಲ್ಲಿ ಬರುವಾಗ ನೆಗೆಣ್ಣಿ ಸೆರಗಿನ ಗೊಡವೆಯಿಲ್ಲದೆ ನಗುತ್ತಿದ್ದಳು.

ಜಾಡಿಗೆ ಪುಡಿ ಬಿತ್ತು. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವಿಚಿದರು. "ಸುಣ್ಣದ ಗ್ವಾಡಿ ನೆಕ್ಕಿದಂಗ ಆಗತೈತಿ. ಗಿರಾಕಿ ನಮ್ಮ ಮಾರಿ ಮ್ಯಾಲ ಉಗುಳತಾರ." ಇಡೀ ಜಾಡಿ ಗಟಾರಕ್ಕೆ ಹೋಯಿತು. ಡಾಕ್ಟರು ಹೇಳಿದ್ದನ್ನೆಲ್ಲ ನೆಗೆಣ್ಣಿಯ ಗಂಡ, ನನ್ನ ಭಾವ, ತಲೆದೂಗಿ ಕೇಳಿ, "ಆಮ್ಯಾಲ ನೋಡೂಣು" ಎಂದು ಎದ್ದುಹೋದರು.

ಕೆಲವು ದಿನಗಳ ಮೇಲೆ ನೆಗೆಣ್ಣಿ ಚಮಚ ಕೆಳಗಿಟ್ಟು, "ಅತ್ತಿ, ನಂಗ ರುಚಿನ ತಿಳೀವಲ್ದ್ರಿ" ಎಂದಳು. ಶುದ್ಧ ಸುಳ್ಳು. ಅಂದು ಬೆಳಿಗ್ಗೆಯಷ್ಟೇ ನನ್ನ ಸಾರಿಗೆ ಉಪ್ಪು ಸಾಲದೆಂದು ಆಡಿಕೊಂಡಿದ್ದಳು. ಅತ್ತೆ ಗದರಲಿಲ್ಲ. ಚಮಚ ಎತ್ತಿ ನನ್ನ ಕೈಗಿಟ್ಟರು.

ಗಂಡನ ಕಡೆ ನೋಡಿದೆ, ಅವರು ತಲೆ ಎತ್ತದೆ ಬಾಟಲಿ ತೊಳೆಯುತ್ತಿದ್ದರು. ಜಾಡಿಯ ಮೇಲೆ ಜಾಡಿ ಬಂತು, ನಾನು ಕುಡಿದೆ. ನೆಗೆಣ್ಣಿಯ ಮೇಲೆ ಮೈ ಉರಿಯುವಷ್ಟು ಸಿಟ್ಟು ಬಂದಿತ್ತು. ತಾನು ತಪ್ಪಿಸಿಕೊಂಡು ನನ್ನನ್ನು ಸಿಕ್ಕಿಸಿದಳಲ್ಲ ಎಂದು ಅವಳೊಡನೆ ಮಾತೇ ಬಿಟ್ಟೆ.

ಒಂದು ಮಧ್ಯಾಹ್ನ ಕೊಡದ ನೀರು ಕುಡಿದವಳೇ ಕೆನ್ನೆ ಹಿಡಿದುಕೊಂಡೆ. ನೆಗೆಣ್ಣಿ ನೋಡಿದಳು. ಸಂಜೆ ನನ್ನ ಕೈಯಿಂದ ಚಮಚ ಕಸಿದುಕೊಂಡು, "ನನ್ನ ನಾಲಗಿ ನೆಟ್ಟಗಾತ್ರಿ ಅತ್ತಿ" ಎಂದಳು.

ಹಿತ್ತಲಲ್ಲಿ ನಾನು ಅಳುತ್ತಿದ್ದರೆ ಬಂದು ಬೈದಳು: "ನನ್ನ ಹಲ್ಲಂತೂ ಹೋಗ್ಯಾವ. ನಿನ್ನೂ ಯಾಕ ಹೋಗಬೇಕು? ಅಳಬ್ಯಾಡ, ಹೋಗಿ ಬಾಟ್ಲಿ ತುಂಬು." ಆಮೇಲೆ ಎಷ್ಟೋ ಬೇಸಿಗೆ ಆ ಚಮಚವನ್ನು ಅವಳು ಯಾರಿಗೂ ಕೊಡಲಿಲ್ಲ.

ಎಂಬತ್ತರ ದಶಕ ಮುಗಿಯುವ ಮೊದಲೇ ಅವಳ ಹಲ್ಲುಗಳನ್ನೆಲ್ಲ ಕೀಳಿಸಬೇಕಾಯಿತು. ನಮ್ಮ ಶರಬತ್ತು ನಿಂತದ್ದು ಅದಾದ ಮೇಲೆ. ಊಟಕ್ಕೆ ಕೂತರೆ ಅವಳದು ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ನನ್ನ ತಾಟಿಗೆ ಮಾತ್ರ ಕಡಕ್ ರೊಟ್ಟಿಯನ್ನೇ ಹಾಕುತ್ತಿದ್ದಳು. "ಕಟುಂ ಅಂತ ಕಡಿ. ನಾ ಕೇಳ್ತೇನಿ" ಎನ್ನುವಳು. ನಾನು ಕಡಿಯುತ್ತಿದ್ದೆ. ಅವಳು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಾ ಕೂತಿರುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಬಹಳ ದಿನ ನಾನೂ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡೇ ತಿಂದೆ.