ಹುಣಸೆಮರಕ್ಕೆ ಹೊಡೆದ ಮೊಳೆ

ಯಶವಂತಪುರದ ಚಿತ್ರಕಂಪನಿಯ ಮಾಲೀಕರೇ, ನೀವು ಒಬ್ಬ ಹೆಂಗಸಿನ ಕಾವ್ಯವನ್ನು ಕದ್ದು ಸಿನಿಮಾ ಮಾಡಿದಿರಿ. ಕದ್ದು ತಂದುಕೊಟ್ಟವನು ನಾನು. ಹಾಡಿನ ಪುಸ್ತಕದಲ್ಲಿ ‘ಕತೆ’ ಎಂಬುದರ ಮುಂದೆ ಎಂ.ಎ. ಸಮೇತ ಏಳು ವರ್ಷಗಳಿಂದ ನಿಂತಿರುವ ನನ್ನ ಹೆಸರು ಸುಳ್ಳು.

ಬರೆದವರು ಮುನಿಲಕ್ಷ್ಮಮ್ಮ ಟೀಚರು. ಚಿಕ್ಕಜಾಲದ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ಅವರ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಮಗು ಶಾರದೆಯನ್ನು ಸಾಕುತ್ತಿದ್ದವರು ಟೀಚರೇ. ಸತ್ತ ತಾಯಿ ಹಿತ್ತಿಲ ಹುಣಸೆಮರಕ್ಕೆ ಬಂದು ಕೂಸನ್ನು ಕರೆಯುವ ಕಥನವನ್ನು ಅವರು ಷಟ್ಪದಿಯಲ್ಲಿ ಕಟ್ಟಿದ್ದರು. ಕೊನೆಯ ಪದ್ಯದಲ್ಲಿ ತಂಗಿ ಬಾಗಿಲು ತೆರೆದು ಅಕ್ಕನನ್ನು ಒಳಗೆ ಕರೆಯುತ್ತಾಳೆ — ಅಷ್ಟೆ. ‘ಯಾವ್ದಾದ್ರೂ ಪತ್ರಿಕೆಗೆ ಕೊಡಪ್ಪಾ’ ಎಂದು ನೋಟ್‌ಬುಕ್ಕನ್ನು ನನ್ನ ಕೈಗಿತ್ತಿದ್ದರು.

ಪತ್ರಿಕೆಗೆ ಕೊಡಲಿಲ್ಲ, ನಿಮಗೆ ಕೊಟ್ಟೆ. ಪಾಳು ಕೋಟೆ, ಗೋರಿಯಿಂದೇಳುವ ಮಡದಿ — ಇಂಥ ಇಂಗ್ಲಿಷ್ ಕಾವ್ಯಗಳನ್ನು ಓದಿ ಪದವಿ ಪಡೆದಿದ್ದ ನನಗೆ, ಸತ್ತವಳು ಮರಳಿದಳೆಂದರೆ ಅದು ಭಯಾನಕವೇ ಆಗಿರಬೇಕಿತ್ತು. ಟೀಚರಿಗೆ ರಸ ಕೈತಪ್ಪಿದೆ ಎಂದುಕೊಂಡೆ. ಅದು ಕರುಣವೆಂದು ನನಗೆ ಹೊಳೆಯಲೇ ಇಲ್ಲ — ಅಥವಾ ಹೊಳೆದಿತ್ತೋ?

ನೀವು ನಕ್ಕಿರಿ. ‘ದೆವ್ವನ ಮನೆಯೊಳಕ್ಕೆ ಕರ್ಕೊಂಡ್ರೆ ಜನ ಟಿಕೆಟ್ ದುಡ್ಡು ವಾಪಸ್ ಕೇಳ್ತಾರೆ ಕಣ್ರೀ! ಕೊನೇ ರೀಲ್‌ನಲ್ಲಿ ಏನಾದ್ರೂ ಮಾಡಿ ಓಡ್ಸಿ. ಆಮೇಲೆ, ಸ್ಕೂಲ್ ಟೀಚರಮ್ಮನ ಹೆಸರು ಯಾರಿಗ್ರೀ ಬೇಕು? ನಿಮ್ದೇ ಹಾಕೋಣ, ಎಂ.ಎ. ಅಂತ ಕಾಣ್ಲಿ.’

‘ಏನಾದರೂ’ ಎಂದವರು ನೀವು. ಮಂತ್ರವಾದಿಯನ್ನು ಕರೆತಂದು, ಮರಕ್ಕೆ ಮೊಳೆ ಹೊಡೆಸಿ ಆ ತಾಯಿಯನ್ನು ಬಂಧಿಸಿದವನು ನಾನು. ಒಂದೇ ಮಧ್ಯಾಹ್ನದಲ್ಲಿ, ಒಂದು ಅಕ್ಷರವನ್ನೂ ತಿದ್ದದೆ ಬರೆದೆ. ನಿಮಗೆ ಹೆದರಿದೆನೆ? ಹೆಸರಿನ ಆಸೆಯೆ? ಇಲ್ಲಾ, ಬಾಗಿಲು ತೆರೆಯುವ ಆ ಪದ್ಯವೇ ನನ್ನನ್ನು ಹೆದರಿಸಿತ್ತೆ — ಇಂದಿಗೂ ತಿಳಿಯದು.

ಯಲಹಂಕದ ಟೆಂಟಿಗೆ ಚಿತ್ರ ಬಂದ ವಾರ ಚಿಕ್ಕಜಾಲದವರೆಲ್ಲ ನೋಡಿ ಬಂದರು. ಟೀಚರ ಅಕ್ಕ ಹೇಗೆ ಸತ್ತರೆಂಬುದು ಊರಿಗೆಲ್ಲ ಗೊತ್ತು. ಯಾರೋ ರಾತ್ರಿ ಅವರ ಹಿತ್ತಿಲ ಮರಕ್ಕೂ ಮೊಳೆ ಹೊಡೆದರೆಂಬ ಸುದ್ದಿ ಕೇಳಿ ನಾನು ಹೋದಾಗ ಟೀಚರು ಹಿತ್ತಿಲಲ್ಲಿ ಇಕ್ಕಳ ಹಿಡಿದು ಹುಣಸೆಮರದಿಂದ ಮೊಳೆ ಕೀಳುತ್ತಿದ್ದರು. ಎಂಟು ವರ್ಷದ ಶಾರದೆ ಅವನ್ನು ಡಬ್ಬಿಗೆ ಹಾಕುತ್ತಿದ್ದಳು. ಶಾಲೆಯಲ್ಲಿ ಆಗಲೇ ಅವಳಿಗೆ ‘ದೆವ್ವದ ಮಗಳು’ ಎಂಬ ಹೆಸರು ಬಿದ್ದಿತ್ತು.

ಟೀಚರು ಹೆಸರಿನ ಮಾತೆತ್ತಲಿಲ್ಲ. ಕೇಳಿದ್ದು ಒಂದೇ: ‘ಸಿನಿಮಾದಲ್ಲಿ ಇಂಗೆ ಮೊಳೆ ಹೊಡ್ಸಿದ್ದು ನೀನಾ, ಕಂಪ್ನಿಯವ್ರಾ?’

‘ಅವರೇ ಸೇರಿಸಿದ್ದು, ಟೀಚರ್.’

‘ನೀನ್ ಬರ್ದಿರಲ್ಲ ಅಂತ ನಂಗ್ ಗೊತ್ತಿತ್ತು ಬಿಡು. ಬಾ, ಕಾಫಿ ಕುಡ್ಕೊಂಡ್ ಹೋಗು.’

ಕುಡಿದೆ. ಲೋಟ ತೊಳೆದಿಟ್ಟು ಬಂದೆ. ಅಂದಿನಿಂದ ಚಿಕ್ಕಜಾಲಕ್ಕೆ ಕಾಲಿಟ್ಟಿಲ್ಲ.

ಈಗ ನೀವು ಹೊಸ ಪ್ರಿಂಟುಗಳೊಂದಿಗೆ ಚಿತ್ರವನ್ನು ಮತ್ತೆ ಬಿಡುಗಡೆ ಮಾಡುತ್ತಿದ್ದೀರಿ. ಶಾರದೆಗೆ ಹದಿನೈದು ವರ್ಷ. ಮತ್ತೆ ಆ ಮರಕ್ಕೆ ಸುತ್ತಿಗೆ ಹಿಡಿದು ಯಾರು ಬರುವರೋ, ನನಗೆ ಗೊತ್ತಿಲ್ಲ.

ನಿಮ್ಮ ಉತ್ತರಕ್ಕೆ ಕಾಯದೆ, ನಾಳೆ ಬೆಳಗಿನ ಬಸ್ಸಿಗೆ ಚಿಕ್ಕಜಾಲಕ್ಕೆ ಹೋಗಿ ಆ ಹಿತ್ತಿಲಲ್ಲೇ ನಿಂತು, ‘ಆ ಮೊಳೆಯ ದೃಶ್ಯ ಬರೆದವನು ನಾನೇ’ ಎಂದು ಹೇಳುತ್ತೇನೆ. ಅವರು ಏನೆನ್ನುವರೋ — ಅದನ್ನು ಊಹಿಸಿಕೊಳ್ಳುವ ಹಕ್ಕೂ ನನಗಿಲ್ಲ.

ನಿಮ್ಮಲ್ಲಿ ನನ್ನ ವಿಧ್ಯುಕ್ತ ಕೋರಿಕೆ ಇಷ್ಟು: ಬಿಡುಗಡೆಗೆ ಮುನ್ನ ತೆರೆಯಿಂದಲೂ ಹಾಡಿನ ಪುಸ್ತಕದಿಂದಲೂ ನನ್ನ ಹೆಸರನ್ನು ಅಳಿಸಿ, ಮುನಿಲಕ್ಷ್ಮಮ್ಮನವರು ಒಪ್ಪಿದರೆ ಅವರ ಹೆಸರನ್ನು ಹಾಕತಕ್ಕದ್ದು. ನಾನು ಬರೆದ ಆ ಮೊಳೆಯ ದೃಶ್ಯವನ್ನು ಕತ್ತರಿಸತಕ್ಕದ್ದು. ಅವರ ನೋಟ್‌ಬುಕ್ಕು ಇನ್ನೂ ನಿಮ್ಮ ಬೀರುವಿನಲ್ಲಿದೆ. ಅದನ್ನು ನೀವೇ ಹೋಗಿ ಅವರ ಕೈಗೆ ಒಪ್ಪಿಸತಕ್ಕದ್ದು. ಇವುಗಳಲ್ಲಿ ಯಾವುದನ್ನು ಎಂದು ಮಾಡುವಿರೆಂದು ಲಿಖಿತವಾಗಿ ತಿಳಿಸಿ. ಉತ್ತರವನ್ನು ನನಗಲ್ಲ, ಅವರ ವಿಳಾಸಕ್ಕೆ ಬರೆಯಿರಿ.