ಭಾವನ ಕೆಮ್ಮು

ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಆಕೆಯನ್ನು ಡಿಪೋದಲ್ಲಿ ಎಲ್ಲರೂ ಸೀಟಿಯಕ್ಕ ಎಂದೇ ಕರೆಯುತ್ತಿದ್ದರು. ಕೈಯಲ್ಲಿನ ಸೀಟಿಗಿಂತ ಅವಳ ಗಂಟಲೇ ಜೋರು. ಕೆಣಕಿದವರನ್ನು ಅವಳು ಮರೆತದ್ದೇ ಇಲ್ಲ. ಹಾವಿನ ಹಗೆಗಾದರೂ ಹನ್ನೆರಡು ವರ್ಷದ ಗಡುವುಂಟು, ಇವಳದಕ್ಕೆ ಅದೂ ಇಲ್ಲ ಎಂದು ಗಂಡನೇ ನಗುತ್ತಿದ್ದ.

ಅವಳ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಎಂದರು. ಒಂದು ಸ್ತನ ತೆಗೆಯುವುದೆಂದು ನಿಶ್ಚಯವಾಯಿತು. ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತರು.

"ನೋಡಿ, ರೋಗದ ಜೊತೆ ಹೊಡೆದಾಡೋ ಕಣಗಳು ನಮ್ಮ ರಕ್ತದಲ್ಲೇ ಇರ್ತವೆ. ಅಳಿದುಳಿದ ಕ್ಯಾನ್ಸರ್ ಕಣಗಳನ್ನ ಹುಡುಕಿ ಕೊಲ್ಲೋದ್ರಲ್ಲೂ ಅವು ಬೇಕು. ಕೊಯ್ದ ಗಾಯ, ನೋವು, ಭಯ ಎಲ್ಲ ಸೇರಿ ಅವನ್ನ ಸ್ವಲ್ಪ ದಿನ ಸುಸ್ತು ಮಾಡ್ತವೆ. ನಾವು ಕೊಡೋ ಔಷಧಿಗಳಲ್ಲೂ ಕೆಲವು ಅದಕ್ಕೆ ಕೈಜೋಡಿಸ್ತವೆ."

"ಹಾಗಾದ್ರೆ ಔಷಧಿ ಬೇಡ. ಸುಮ್ನೆ ಕೊಯ್ದುಬಿಡಿ."

ಡಾಕ್ಟರಮ್ಮ ನಕ್ಕರು. "ಆ ನೋವು ಇನ್ನೂ ಕೆಟ್ಟದ್ದು. ಯಾವ ಅರಿವಳಿಕೆ ಮೇಲು ಅಂತ ಇನ್ನೂ ಖಚಿತವಾಗಿ ಗೊತ್ತಾಗಿಲ್ಲ. ನೋವು ಕಡಿಮೆ ಇರೋ ಹಾಗೆ, ಮೈ ಬೆಚ್ಚಗಿರೋ ಹಾಗೆ ನಾನು ನೋಡ್ಕೋತೀನಿ. ನೀವು ಕೆಮ್ಮೋರನ್ನ ಹತ್ತಿರ ಸೇರಿಸ್ಬೇಡಿ, ಅಷ್ಟೇ."

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಬಂದದ್ದು ಗಂಡನ ಅಣ್ಣ. ಕ್ಷೌರದಂಗಡಿ ಇಟ್ಟವನು, ನಾಲ್ಕು ಜನರ ಜೊತೆ ಮಾತಾಡದಿದ್ದರೆ ಉಂಡದ್ದು ಅರಗದವನು. ವಾರ್ಡಿನ ಬಾಗಿಲಿಗೆ ಅಡ್ಡ ನಿಂತು ತಮ್ಮ ಬೇಡಿಕೊಂಡರೂ ಕೇಳಲಿಲ್ಲ. "ಸ್ವಂತದೋರು ಬಂದ್ರೆ ಕಾಯಿಲೆ ಬರುತ್ತೇನೋ? ಎಲ್ಲ ಡಾಕ್ಟರುಗಳ ಕಟ್ಟುಕಥೆ" ಎಂದು ದಿಂಬಿನ ಪಕ್ಕದಲ್ಲೇ ಕೂತ. ಮಾತಿಗೊಂದು ಕೆಮ್ಮು, ಕೆಮ್ಮಿಗೊಂದು ಜೋಕು. ಮಂಪರಿನಲ್ಲಿದ್ದ ಅವಳಿಗೆ ಮುಖ ತಿರುಗಿಸುವ ತ್ರಾಣವೂ ಇರಲಿಲ್ಲ.

ವಾರದೊಳಗೆ ಅವಳ ಶ್ವಾಸಕೋಶಕ್ಕೆ ಸೋಂಕು ಹತ್ತಿತು. ಕೆಮ್ಮಿದಾಗಲೆಲ್ಲ ಹೊಲಿಗೆ ಕಿತ್ತುಬರುವಂಥ ನೋವು. ಕೀಮೋ ಮುಂದಕ್ಕೆ ಹೋಯಿತು. ಭಾವ ಅಂಗಡಿಯಲ್ಲಿ, "ನನ್ನಿಂದಲೇ ಬಂತು ಅಂತ ಏನು ಗುರುತು? ಕೆಮ್ಮಿನ ಮೇಲೆ ಹೆಸರು ಬರೆದಿರುತ್ತಾ?" ಎಂದು ನಕ್ಕನಂತೆ. ಆ ನಗು ಅವಳ ಕಿವಿಗೆ ಬಿತ್ತು. ಹಲ್ಲು ಕಚ್ಚಿ ಮಲಗಿದಳು.

ಕೂದಲು ಉದುರಿತು, ಬೆಳೆಯಿತು. ಅವಳು ಬಸ್ಸಿಗೆ ಮರಳಿದಳು. ಒಳಗಿನ ಕೆಂಡ ಮಾತ್ರ ಆರಲಿಲ್ಲ.

ಕೆಲವು ವರ್ಷಗಳ ಮೇಲೆ ಭಾವನ ಕರುಳಿಗೆ ಅದೇ ರೋಗ ಬಂತು. ಸುದ್ದಿ ಕೇಳಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವನ ಆಪರೇಷನ್ ಆದಾಗ ಅವಳಿಗೆ ಜೋರು ನೆಗಡಿ. ಸೀರೆ ಬದಲಿಸಿ ನೇರ ಆಸ್ಪತ್ರೆಗೆ ಹೊರಟಳು. ದಿಂಬಿನ ಪಕ್ಕದಲ್ಲೇ ಕೂರಬೇಕು, ಮಾತಿಗೊಂದು ಸೀನು ಸೀನಬೇಕು. ವಾರ್ಡಿನ ಮೆಟ್ಟಿಲ ಮೇಲೆ ಕಾಲು ತಡೆಯಿತು. ಕರುಣೆಯಿಂದಲ್ಲ. ಇವನೇ ಸತ್ತುಹೋದರೆ ಹಗೆ ತೀರಿಸುವುದು ಯಾರ ಮೇಲೆ? ಮೂಗು ಒರೆಸಿಕೊಂಡು ಮನೆಗೆ ಮರಳಿದಳು.

ಭಾವ ಮನೆಗೆ ಬರುವಷ್ಟರಲ್ಲಿ ಅವಳ ನೆಗಡಿ ಪೂರ್ತಿ ಹೋಗಿತ್ತು. ರಜೆ ಹಾಕಿ, ಅವನ ಮನೆಯ ಹೊಸ್ತಿಲಿಗೆ ಕುರ್ಚಿ ಹಾಕಿಕೊಂಡು ಕೂತಳು. ದಣಿದಿದ್ದ ಓರಗಿತ್ತಿಗೆ ಅದೇ ಬೇಕಾಗಿತ್ತು.

ಅಂಗಡಿಯ ಗೆಳೆಯರು ಗುಂಪುಗಟ್ಟಿ ಬಂದರು. "ಕೆಮ್ಮಾ? ಇಳೀರಿ ಇಳೀರಿ, ಹಿಂದಿನ ಬಸ್ಸಿಗೆ ಬನ್ನಿ!" ಎಂದು ಅಟ್ಟಿದಳು. ಕೆಮ್ಮದೆ ಗಟ್ಟಿಮುಟ್ಟಾಗಿದ್ದವರನ್ನೂ ಕಳಿಸಿದಳು. ಅದು ಡಾಕ್ಟರು ಹೇಳಿದ್ದಲ್ಲ, ಅವಳದೇ ಸೇರ್ಪಡೆ.

ಒಳಗಿನಿಂದ ಭಾವ ಗೋಳಾಡಿದ. "ಒಬ್ಬನನ್ನಾದ್ರೂ ಬಿಡಮ್ಮಾ. ಗೋಡೆ ಜೊತೆ ಮಾತಾಡಿ ಹುಚ್ಚು ಹಿಡೀತಿದೆ."

"ಯಾರ ಕೆಮ್ಮಿನ ಮೇಲೂ ಹೆಸರು ಬರೆದಿರಲ್ಲ ಭಾವ. ಮಲಗಿ."

ಅವಳಿಗೆ ಅಂದಿನ ಊಟ ಬಹಳ ರುಚಿಸಿತು.

ಭಾವನಿಗೆ ಯಾವ ಸೋಂಕೂ ತಗಲಲಿಲ್ಲ. ಹೊತ್ತಿಗೆ ಸರಿಯಾಗಿ ಕೀಮೋ ಶುರುವಾಯಿತು. ನೆಂಟರೆಲ್ಲ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಅದನ್ನು ತಡೆದುಕೊಳ್ಳುವುದೇ ಅವಳಿಗೆ ಕಷ್ಟವಾಯಿತು. ಚೇತರಿಸಿಕೊಂಡ ಭಾವ ಅವಳ ಮನೆಗೇ ಬಂದು ಕೈ ಹಿಡಿದುಕೊಂಡ. "ನೀನಿಲ್ದಿದ್ರೆ ನಾನು ಉಳೀತಿರ್ಲಿಲ್ಲಮ್ಮ."

"ಅದು ಬಿಡಿ. ಅವತ್ತು ಕೆಮ್ಮಿಕೊಂಡು ಬಂದಿದ್ದು ತಪ್ಪಾಯ್ತು ಅನ್ನಿ."

ಭಾವ ತಲೆ ಕೆರೆದುಕೊಂಡ, ತಮ್ಮನ ಮುಖ ನೋಡಿದ. "ಆಗಿದ್ದು ಆಗಿಹೋಯ್ತಲ್ಲಮ್ಮ. ಹಳೇದು ಯಾಕೆ ಈಗ?"

ಅವನು ಅರ್ಧ ಕುಡಿದಿದ್ದ ಕಾಫಿ ಲೋಟವನ್ನು ಅವಳು ಮುಂದಿನಿಂದ ಎತ್ತಿಕೊಂಡು ಒಳಗೆ ಹೋದಳು.